ಟಿವಿ ಪ್ರಸಂಗದಲ್ಲಿ ಕತ್ತರಿ ಬಿದ್ದ ಜಾಗವನ್ನು ಪತ್ತೆಹಚ್ಚುವುದು ಹೇಗೆ?

ಕ್ರೈಸ್ತ ಚಾನೆಲ್‌ಗಳಲ್ಲಿ ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಪ್ರಸಂಗಕ್ಕೆ ಬರವಿಲ್ಲ. ಅಮೆರಿಕದ ಬೋಧಕರು ಬಾಡಿಗೆ ಕಂಠದಲ್ಲಿ ಕನ್ನಡ ಮಾತನಾಡುತ್ತಾರೆ, ನಮ್ಮವರು ಅವರ ಕೈಬೀಸನ್ನೂ ನಡಿಗೆಯನ್ನೂ ಕಲಿತು ವೇದಿಕೆ ಏರುತ್ತಾರೆ. ಪರದೆಯ ಕೆಳಗೆ ಪ್ರಾರ್ಥನೆಗೆ ಫೋನ್ ನಂಬರ್, ಮೂಲೆಯಲ್ಲಿ ಕಾಣಿಕೆಗೆ ಕ್ಯೂಆರ್ ಕೋಡ್. ಇವರೆಲ್ಲರೂ ಕಳ್ಳರು ಎಂದು ಹೇಳಲು ನಾನು ಹೊರಟಿಲ್ಲ. ಹಾಸಿಗೆ ಹಿಡಿದವರಿಗೆ, ಹತ್ತಿರದಲ್ಲಿ ಸಭೆಯೇ ಇಲ್ಲದ ಊರಿನವರಿಗೆ ಟಿವಿಯ ಒಂದು ಒಳ್ಳೆಯ ಪ್ರಸಂಗ ವಾರದ ಏಕೈಕ ಆಹಾರವಾಗಿರುತ್ತದೆ. ಹಾಗಿರುವುದರಿಂದಲೇ ಆರಿಸಿ ತಿನ್ನಬೇಕು.

ಸುಳ್ಳು ಬೋಧನೆ ಸತ್ಯವೇದದಲ್ಲಿ ಇಲ್ಲದ ವಾಕ್ಯವನ್ನು ಹುಟ್ಟಿಸಿಕೊಂಡು ಬರುವುದು ಅಪರೂಪ. ಇರುವ ವಾಕ್ಯವನ್ನೇ ಎತ್ತಿಕೊಂಡು ಅದರ ಮುಂದಿನ ಸಾಲನ್ನು ಕತ್ತರಿಸಿಬಿಡುತ್ತದೆ. ವಾಸಿಯಾದವರ ಸಾಕ್ಷಿ ತೋರಿಸಿ ಮರುವಾರದ ಸ್ಥಿತಿಯನ್ನು ಬಿಡುತ್ತದೆ, ನೆರವೇರಿದ ಪ್ರವಾದನೆಯನ್ನು ಸಾರಿ ಹುಸಿಯಾದದ್ದನ್ನು ನುಂಗುತ್ತದೆ, ಕಾಣಿಕೆಯ ಮೊತ್ತ ಹೇಳಿ ಖರ್ಚಿನ ಲೆಕ್ಕ ಮುಚ್ಚುತ್ತದೆ. ಟಿವಿ ಎಂಬುದೇ ಕತ್ತರಿಸಿ ಜೋಡಿಸುವ ಕಲೆ. ಆದ್ದರಿಂದ ನೋಡುವವರ ಕೆಲಸ ಒಂದೇ: ಕತ್ತರಿ ಎಲ್ಲಿ ಬಿತ್ತು ಎಂದು ಹುಡುಕುವುದು. ಅದನ್ನು ಹಂತಹಂತವಾಗಿ ಮಾಡುವ ರೀತಿ ಇಲ್ಲಿದೆ.

ಮೊದಲ ಹೆಜ್ಜೆ: ಯಾವುದು ಸುಳ್ಳು ಬೋಧನೆಯಲ್ಲ ಎಂದು ಗೆರೆ ಎಳೆದುಕೊಳ್ಳಿ

ಅನ್ಯಭಾಷೆಗಳಲ್ಲಿ ಪ್ರಾರ್ಥಿಸುವುದು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದು ಅಥವಾ ಕೊಡದಿರುವುದು, ಸ್ತ್ರೀಯರು ಪ್ರಸಂಗಿಸುವುದು, ಆರಾಧನೆಯಲ್ಲಿ ಡ್ರಮ್ ಬಾರಿಸುವುದು ಇವೆಲ್ಲ ಸಭೆ ಸಭೆಗಳ ನಡುವಿನ ಭಿನ್ನಾಭಿಪ್ರಾಯಗಳು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರಿಗೆ ಪೆಂತೆಕೊಸ್ತಿನವರ ಗದ್ದಲ ಹಿಡಿಸದಿರಬಹುದು, ಅವರಿಗೆ ಇವರ ಮೌನ ಸತ್ತಂತೆ ಕಾಣಬಹುದು. ಅದಕ್ಕೆ ಸುಳ್ಳು ಪ್ರವಾದಿ ಎಂಬ ಭಾರವಾದ ಮಾತನ್ನು ಬಳಸಬಾರದು. ಗಟ್ಟಿದನಿ, ದುಬಾರಿ ಕೋಟು, ಕೆಟ್ಟ ಕನ್ನಡ ಇವೂ ಪುರಾವೆಗಳಲ್ಲ. ಕೆಟ್ಟ ಕನ್ನಡ ಬಹಳ ಸಲ ಡಬ್ಬಿಂಗ್‌ನವರ ಪಾಪ.

ಅರ್ಧ ನಿಮಿಷದ ತುಣುಕು ನೋಡಿ ತೀರ್ಪು ಕೊಡುವುದೂ ಬೇಡ. ಟೀಕಿಸುವವರ ಕೈಯಲ್ಲೂ ಕತ್ತರಿ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಸುಳ್ಳು ಬೋಧಕರ ಪಟ್ಟಿ’ಗಳಲ್ಲಿ ಒಳ್ಳೆಯವರ ಹೆಸರು ಸೇರಿರುವುದನ್ನು ಕಂಡಿದ್ದೇನೆ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಟಿವಿ ಬೋಧಕರ ವಿಷಯದಲ್ಲೂ ಜಾರಿಯಲ್ಲಿದೆ. ಇಡೀ ಪ್ರಸಂಗ ಕೇಳಿ. ಸಾಧ್ಯವಾದರೆ ಒಂದೇ ಬೋಧಕರ ನಾಲ್ಕೈದು ಪ್ರಸಂಗ ಕೇಳಿ. ಬಾಯಿತಪ್ಪಿ ಬಂದ ಮಾತು ಒಮ್ಮೆ ಬರುತ್ತದೆ, ಬೋಧನೆ ಮತ್ತೆ ಮತ್ತೆ ಬರುತ್ತದೆ.

ಎರಡನೆಯ ಹೆಜ್ಜೆ: ವಾಕ್ಯದ ಹಿಂದುಮುಂದು ಓದಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಸಮಯವಿಲ್ಲದವರು ಉಳಿದದ್ದನ್ನು ಬಿಟ್ಟು ಇದೊಂದನ್ನೇ ಮಾಡಿದರೂ ಸಾಕು. ಬೋಧಕರು ವಾಕ್ಯ ಹೇಳಿದ ಕೂಡಲೇ ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಆ ಒಂದು ಸಾಲನ್ನಲ್ಲ, ಪೂರ್ತಿ ಅಧ್ಯಾಯವನ್ನು ಓದಿ. ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹೇಳಿದವರು ಯಾರು, ಯಾರಿಗೆ ಹೇಳಿದರು, ಮುಂದಿನ ಸಾಲು ಏನು?

ಯೆರೆಮೀಯ 29:11 ಅನ್ನು ತೆಗೆದುಕೊಳ್ಳಿ. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ, ಟಿವಿಯ ಪರದೆಯಲ್ಲಿ, ಆಟೋಗಳ ಹಿಂಭಾಗದಲ್ಲಿ ಎಲ್ಲ ಕಡೆ ಅದೇ ವಾಕ್ಯ: ನಿಮ್ಮ ವಿಷಯವಾಗಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂದು ಯೆಹೋವನು ಹೇಳುತ್ತಾನೆ. ಪರದೆಯ ಮೇಲೆ ಇದು ಈ ತಿಂಗಳು ಸಿಗುವ ಬಡ್ತಿ, ಬರುವ ತಿಂಗಳು ಮುಗಿಯುವ ಸಾಲ ಆಗಿಬಿಡುತ್ತದೆ. ಈಗ ಒಂದು ಸಾಲು ಹಿಂದಕ್ಕೆ ಹೋಗಿ. ಹತ್ತನೆಯ ವಚನದಲ್ಲಿ ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದಿದೆ. ಇದು ಸೆರೆಹೋದವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವು ಬೇಗ ವಾಪಸ್ಸು ಬರುವುದಿಲ್ಲ ಎಂಬುದು ಅದರ ಸಾರ. ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಪರದೇಶದಲ್ಲೇ ಮಣ್ಣಾಗಬೇಕಿತ್ತು.

ಇನ್ನೂ ಎರಡು ಸಾಲು ಹಿಂದೆ, ಎಂಟನೆಯ ವಚನದಲ್ಲಿ, ನಿಮ್ಮ ನಡುವಿನ ಪ್ರವಾದಿಗಳ ಮೋಸಕ್ಕೆ ಒಳಗಾಗಬೇಡಿ ಎಂಬ ಎಚ್ಚರಿಕೆಯಿದೆ. ಯಾವ ಪ್ರವಾದಿಗಳು? ಹಿಂದಿನ ಅಧ್ಯಾಯ ತೆರೆದರೆ ಹನನ್ಯ ಸಿಗುತ್ತಾನೆ. ದೇವಾಲಯದಲ್ಲಿ, ಯಾಜಕರ ಮುಂದೆ, ಜನರೆಲ್ಲ ಕೇಳುವಂತೆ ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದವನು ಅವನು. ಯೆರೆಮೀಯನ ಕುತ್ತಿಗೆಯ ಮೇಲಿದ್ದ ನೊಗವನ್ನೇ ಮುರಿದು ತೋರಿಸಿದ. ಅಂಥ ದೃಶ್ಯಕ್ಕೆ ಇವತ್ತು ಎಷ್ಟು ಕ್ಯಾಮೆರಾ ಇಡುತ್ತಿದ್ದರು! ಅಂದರೆ ಶೀಘ್ರ ಅಭಿವೃದ್ಧಿಯ ಪ್ರವಾದನೆಯನ್ನು ನಂಬಬೇಡಿ ಎಂದು ಬರೆದ ಪತ್ರದಿಂದಲೇ ಒಂದು ಸಾಲು ಕಿತ್ತು ಶೀಘ್ರ ಅಭಿವೃದ್ಧಿಯನ್ನು ಬೋಧಿಸಲಾಗುತ್ತಿದೆ.

ಮಾರ್ಕ 10:30ರ ನೂರರಷ್ಟು ಪ್ರತಿಫಲಕ್ಕೂ ಇದೇ ಗತಿ. ಸಾವಿರ ಕೊಟ್ಟರೆ ಲಕ್ಷ ಎಂಬ ಲೆಕ್ಕ ಅಲ್ಲಿಂದ ಹುಟ್ಟಿದ್ದು. ಆದರೆ ಯೇಸು ಅದೇ ವಾಕ್ಯದಲ್ಲಿ ಮನೆ, ಅಣ್ಣತಮ್ಮಂದಿರು, ತಾಯಂದಿರು, ಭೂಮಿ ಎಂದು ಎಣಿಸುತ್ತ ಹಿಂಸೆಗಳ ಸಹಿತ ಎಂದೂ ಸೇರಿಸಿದ್ದಾನೆ. ನೂರು ಮಂದಿ ತಾಯಂದಿರು ಎಂದರೆ ಸಭೆಯ ಬಳಗ ಎಂಬುದು ಮಗುವಿಗೂ ತಿಳಿಯುತ್ತದೆ. ಹೊಲ ಮನೆ ಬಂದ ಕೂಡಲೇ ಮಾತ್ರ ಅಕ್ಷರಶಃ ಲೆಕ್ಕ ಶುರುವಾಗುತ್ತದೆ. ಹಿಂಸೆಯನ್ನು ನೂರರಷ್ಟು ಬೇಡಿದ ಬೋಧಕರನ್ನು ನಾನು ಇನ್ನೂ ಕೇಳಿಲ್ಲ.

3 ಯೋಹಾನ 2 ಕೂಡ ಗಮನಿಸಬೇಕಾದದ್ದು. ಆತ್ಮವಿಷಯದಲ್ಲಿ ಅಭಿವೃದ್ಧಿ ಹೊಂದಿರುವಂತೆ ಎಲ್ಲ ವಿಷಯಗಳಲ್ಲೂ ಅಭಿವೃದ್ಧಿ ಹೊಂದಿ ಸುಕ್ಷೇಮವಾಗಿರು ಎಂದು ಯೋಹಾನನು ಗಾಯನಿಗೆ ಹಾರೈಸುತ್ತಾನೆ. ಅಮೆರಿಕದ ಬೋಧಕ ಓರಲ್ ರಾಬರ್ಟ್ಸ್ 1947ರಲ್ಲಿ ಈ ಸಾಲು ಕಣ್ಣಿಗೆ ಬಿದ್ದದ್ದೇ ತಮ್ಮ ಜೀವನದ ತಿರುವು ಎಂದು ಹೇಳಿಕೊಂಡರು. ಅದಾದ ಸ್ವಲ್ಪದರಲ್ಲೇ ಹೊಸ ಬ್ಯೂಕ್ ಕಾರು ಬಂದದ್ದನ್ನೂ ಆ ಕಥೆಗೆ ಸೇರಿಸಿದರು. ಆದರೆ ಇದು ಪತ್ರದ ಆರಂಭದ ಹಾರೈಕೆಯ ಸಾಲು. ನಮ್ಮ ಹಿರಿಯರು ಇನ್‌ಲ್ಯಾಂಡ್ ಕಾಗದದಲ್ಲಿ ‘ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪ್ರಾರ್ಥಿಸುತ್ತೇವೆ’ ಎಂದು ಬರೆಯುತ್ತಿದ್ದಂತೆ. ಕ್ಷೇಮ ಕೋರಿದ ಸಾಲನ್ನು ಯಾರೂ ಕರಾರುಪತ್ರ ಎಂದು ನೋಂದಾಯಿಸಲು ಹೋಗುತ್ತಿರಲಿಲ್ಲ.

ಮೂರನೆಯ ಹೆಜ್ಜೆ: ಯೇಸುವಿನ ಬಗ್ಗೆ ಏನು ಹೇಳುತ್ತಾರೆ ಎಂದು ಕಿವಿಗೊಡಿ

ಹಣದ ಮಾತು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರ ಕೆಳಗಿರುವ ದೊಡ್ಡ ಬಿರುಕು ಸುಲಭವಾಗಿ ಕಾಣುವುದಿಲ್ಲ. ‘ವಿಶ್ವಾಸದ ಮಾತು’ ಎಂಬ ಚಳವಳಿಯ ತಂದೆ ಎನಿಸಿಕೊಂಡ ಕೆನೆತ್ ಹೇಗಿನ್ ಮತ್ತು ಅವರ ಹಾದಿ ಹಿಡಿದ ಕೆನೆತ್ ಕೋಪ್ಲೆಂಡ್, ಯೇಸು ಶಿಲುಬೆಯಲ್ಲಿ ಶಾರೀರಿಕವಾಗಿ ಮಾತ್ರವಲ್ಲದೆ ಆತ್ಮಿಕವಾಗಿಯೂ ಸತ್ತು ನರಕದಲ್ಲಿ ಯಾತನೆಪಟ್ಟ ಮೇಲೆಯೇ ವಿಮೋಚನೆ ಪೂರ್ತಿಯಾಯಿತು ಎಂದು ಬೋಧಿಸಿದರು. ಇದನ್ನು ಪಕ್ಕಕ್ಕಿಟ್ಟು ಸುವಾರ್ತೆ ತೆರೆಯಿರಿ. ಯೇಸು ಶಿಲುಬೆಯ ಮೇಲೆಯೇ ‘ತೀರಿತು’ ಎನ್ನುತ್ತಾನೆ. ಪಕ್ಕದ ಕಳ್ಳನಿಗೆ ಈ ಹೊತ್ತೇ ಪರದೈಸಿನಲ್ಲಿ ನನ್ನ ಸಂಗಡ ಇರುವಿ ಎನ್ನುತ್ತಾನೆ. ಕೊನೆಯುಸಿರಿನಲ್ಲಿ ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುತ್ತಾನೆ. ಸೈತಾನನ ಕೈಗಲ್ಲ.

ವಿಶ್ವಾಸಿಗಳೇ ಚಿಕ್ಕ ದೇವರುಗಳು, ನಮ್ಮ ಬಾಯಿಮಾತಿಗೆ ಸೃಷ್ಟಿಸುವ ಶಕ್ತಿಯಿದೆ ಎಂಬುದು ಅದೇ ಗುಂಪಿನ ಇನ್ನೊಂದು ಬೋಧನೆ. ಇದರ ಪರಿಣಾಮ ಕನ್ನಡದ ಮನೆಗಳಲ್ಲೂ ಕೇಳಿಸುತ್ತದೆ: ಜ್ವರ ಬಂದಿದೆ ಎಂದು ಬಾಯಿಬಿಟ್ಟು ಹೇಳಬಾರದಂತೆ, ಹೇಳಿದರೆ ಅದನ್ನು ‘ಅರಿಕೆ ಮಾಡಿದಂತೆ’ ಆಗುತ್ತದಂತೆ! ಕೀರ್ತನೆಗಾರ ದಾವೀದನು ನನ್ನ ಎಲುಬುಗಳು ಸಡಿಲವಾಗಿವೆ, ನಾನು ನೀರಿನಂತೆ ಸುರಿಯಲ್ಪಟ್ಟಿದ್ದೇನೆ ಎಂದು ಅತ್ತದ್ದನ್ನು ಇವರು ಏನೆಂದು ಓದುತ್ತಾರೋ. ಕಾಗದದ ಮೇಲೆ ಎರಡು ಸಾಲು ಬರೆದುಕೊಳ್ಳಿ: ಈ ಪ್ರಸಂಗದಲ್ಲಿ ಯೇಸು ಯಾರು, ನಾನು ಯಾರು? ಒಂದು ತಾಸಿನ ಪ್ರಸಂಗದಲ್ಲಿ ಪಾಪ, ಪಶ್ಚಾತ್ತಾಪ, ಶಿಲುಬೆ ಒಂದು ಸಲವೂ ಬರದಿದ್ದರೆ ಆ ಬಿಟ್ಟಸ್ಥಳವನ್ನೂ ಬರೆಯಿರಿ.

ನಾಲ್ಕನೆಯ ಹೆಜ್ಜೆ: ವಾಸಿಯಾದವರನ್ನು ಮರುವಾರ ವಿಚಾರಿಸಿ

ದೇವರು ರೋಗ ವಾಸಿಮಾಡುತ್ತಾನೆ ಎಂದು ನಂಬುವವರಿಗಾಗಿಯೇ ಈ ಹೆಜ್ಜೆ. ನಂಬದವರಿಗೆ ಇದು ಬೇಕಿಲ್ಲ.

ಪೀಟರ್ ಪೊಪಾಫ್ 1980ರ ದಶಕದಲ್ಲಿ ಅಮೆರಿಕದ ಹೆಸರಾಂತ ಟಿವಿ ಬೋಧಕ. ಸಾವಿರಾರು ಜನರ ನಡುವಿನಿಂದ ಒಬ್ಬರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಅವರ ಬೀದಿಯ ವಿಳಾಸವನ್ನೂ ರೋಗವನ್ನೂ ಹೇಳಿಬಿಡುತ್ತಿದ್ದರು. ಜನ ಕಣ್ಣೀರಿಡುತ್ತಿದ್ದರು. ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಸಂಗಡಿಗರು 1986ರಲ್ಲಿ ರೇಡಿಯೊ ಸ್ಕ್ಯಾನರ್ ಹಿಡಿದು ಸಭೆಗೆ ಹೋದರು. 39.17 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಪೊಪಾಫ್ ಅವರ ಹೆಂಡತಿಯ ದನಿ ಸಿಕ್ಕಿತು. ಸಭೆ ಆರಂಭವಾಗುವ ಮೊದಲು ಜನರು ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆಕೆ ತೆರೆಮರೆಯಿಂದ ಓದುತ್ತಿದ್ದಳು, ಗಂಡನ ಕಿವಿಯಲ್ಲಿ ಪುಟ್ಟ ರಿಸೀವರ್ ಇತ್ತು. ಅದರ ಧ್ವನಿಮುದ್ರಣ ಜಾನಿ ಕಾರ್ಸನ್ ಅವರ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ದೇಶಕ್ಕೆಲ್ಲ ಕೇಳಿಸಿತು. ಮರುವರ್ಷ ಪೊಪಾಫ್ ದಿವಾಳಿ ಘೋಷಿಸಿಕೊಂಡರು. ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷಗಳ ನಂತರ ‘ಅದ್ಭುತದ ಬುಗ್ಗೆ ನೀರಿನ’ ಪೊಟ್ಟಣ ಹಿಡಿದು ಮತ್ತೆ ಟಿವಿಗೆ ಬಂದರು, ಜನ ಮತ್ತೆ ಹಣ ಕಳುಹಿಸಿದರು. ಈ ಎರಡನೆಯ ಭಾಗ ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಕಾಡುತ್ತದೆ.

ಹಾಗಾದರೆ ಏನು ಮಾಡಬೇಕು? ಲೂಕ 17ರಲ್ಲಿ ಯೇಸು ಹತ್ತು ಕುಷ್ಠರೋಗಿಗಳಿಗೆ ಹೋಗಿ ಯಾಜಕರಿಗೆ ಮೈ ತೋರಿಸಿರಿ ಎಂದನು. ಯಾಜಕಕಾಂಡದ ಪ್ರಕಾರ ಕುಷ್ಠ ಹೋಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಅಧಿಕಾರ ಅವರದಾಗಿತ್ತು. ಅದ್ಭುತ ಮಾಡಿದವನೇ ಪರೀಕ್ಷೆಗೆ ಕಳುಹಿಸಿದ್ದಾನೆ. ವೈದ್ಯರ ವರದಿ ಕೇಳಿದರೆ ಅವಿಶ್ವಾಸ ಎನ್ನುವವರಿಗೆ ಇದನ್ನು ತೋರಿಸಿ. ವೇದಿಕೆಯಲ್ಲಿ ಗಾಲಿಕುರ್ಚಿಯಿಂದ ಎದ್ದವರು ಬರುವಾಗ ಗಾಲಿಕುರ್ಚಿಯಲ್ಲೇ ಬಂದಿದ್ದರೇ, ಅಲ್ಲಿ ಕೂರಿಸಲಾಗಿತ್ತೇ ಎಂದು ನೋಡಿ. ಸೊಂಟನೋವು, ತಲೆನೋವುಗಳ ಸಾಕ್ಷಿ ಯಥೇಚ್ಛವಾಗಿದ್ದು ಹುಟ್ಟು ಅಂಗವೈಕಲ್ಯದವರು ಹಿಂದಿನ ಸಾಲಿನಿಂದ ಮುಂದೆ ಬಾರದಿದ್ದರೆ ಅದನ್ನೂ ಗಮನಿಸಿ.

ರೋಗ ವಾಸಿಮಾಡುವ ಸಭೆಗಳಿಗೆ ಹೆಸರಾದ ಅಮೆರಿಕದ ಟಿವಿ ಬೋಧಕ ಬೆನ್ನಿ ಹಿನ್ 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನಕ್ಕೆ ಬಂದಾಗ ಊರೂರುಗಳಿಂದ ಜನ ರೋಗಿಗಳನ್ನು ಹೊತ್ತುಕೊಂಡು ಬಂದರು. ಹೊರಗೆ ಪ್ರತಿಭಟನೆ, ಒಳಗೆ ಹಾಡು, ಪತ್ರಿಕೆಗಳಲ್ಲಿ ಎರಡೂ. ವಾಸಿಯಾಗದೆ ಮರಳಿದವರು ಮನೆಗೆ ಹೋಗಿ ಏನೆಂದುಕೊಂಡರು ಎಂಬುದಕ್ಕೆ ಯಾವ ಕ್ಯಾಮೆರಾವೂ ಇರಲಿಲ್ಲ. ನಿನ್ನ ವಿಶ್ವಾಸ ಸಾಲದು ಎಂಬ ಮಾತು ಅಂಥವರ ಎದೆಗೆ ಚುಚ್ಚುವ ಎರಡನೆಯ ರೋಗ. ಪೌಲನು ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದನು. ತಿಮೊಥೆಯನಿಗೆ, ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದನು. ಯಾರ ವಿಶ್ವಾಸವನ್ನೂ ಅಳೆಯಲಿಲ್ಲ.

ಔಷಧಿ ನಿಲ್ಲಿಸಿ ಎಂದವರ ಕಾರ್ಯಕ್ರಮವನ್ನು ಅಲ್ಲಿಗೇ ನಿಲ್ಲಿಸಿ. ಇನ್ಸುಲಿನ್, ಕ್ಷಯದ ಮಾತ್ರೆ, ಮೂರ್ಛೆರೋಗದ ಮಾತ್ರೆ, ಇವುಗಳ ವಿಷಯದಲ್ಲಿ ಚರ್ಚೆಯೇ ಬೇಡ. ಮಂತ್ರ, ತಾಯಿತದಂಥ ವಸ್ತುಗಳಿಂದ ಕ್ಯಾನ್ಸರ್, ಮಧುಮೇಹ, ಪಾರ್ಶ್ವವಾಯು ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯಿದೆಯೇ ನಿಷೇಧಿಸಿದೆ. ಎಣ್ಣೆ, ನೀರು, ಕರವಸ್ತ್ರಗಳನ್ನು ರೋಗದ ಹೆಸರು ಹೇಳಿ ಮಾರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಐದನೆಯ ಹೆಜ್ಜೆ: ಪ್ರವಾದನೆಯನ್ನು ತಾರೀಕು ಹಾಕಿ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಯಾರು ಹೇಳಿದರು, ಯಾವ ದಿನ, ಏನು, ಎಷ್ಟರೊಳಗೆ. ಅವಧಿ ಮುಗಿದ ದಿನ ತೆರೆದು ನೋಡಿ. ಧರ್ಮೋಪದೇಶಕಾಂಡ 18:22 ಹೇಳುವುದು ಇಷ್ಟೇ: ಹೇಳಿದ್ದು ನೆರವೇರದಿದ್ದರೆ ಅದು ಯೆಹೋವನ ಮಾತಲ್ಲ. ಬೆನ್ನಿ ಹಿನ್ 1989ರ ಡಿಸೆಂಬರ್ 31ರ ರಾತ್ರಿ, ಫಿಡೆಲ್ ಕ್ಯಾಸ್ಟ್ರೊ 90ರ ದಶಕದಲ್ಲಿ ಸಾಯುತ್ತಾರೆ ಎಂದಿದ್ದರು. ಕ್ಯಾಸ್ಟ್ರೊ 2016ರವರೆಗೆ ಬದುಕಿದ್ದರು. ಡೊನಾಲ್ಡ್ ಟ್ರಂಪ್ 2020ರಲ್ಲಿ ಮರುಆಯ್ಕೆಯಾಗುತ್ತಾರೆಂದು ದೇವರ ಹೆಸರಿನಲ್ಲಿ ಹೇಳಿದವರು ಹಲವರು. ಬಹಿರಂಗವಾಗಿ ಕ್ಷಮೆ ಕೇಳಿದವರು ಬೆರಳೆಣಿಕೆಯವರು. ‘ಈ ವರ್ಷ ನಿನಗೆ ಒಂದು ಬಾಗಿಲು ತೆರೆಯುತ್ತದೆ’ ಎಂಬಂಥವನ್ನು ಬರೆಯಬೇಕಾಗಿಲ್ಲ. ಯಾವ ಬಾಗಿಲಾದರೂ ತೆರೆದೇ ತೆರೆಯುತ್ತದೆ.

ಆದರೆ ಯೆರೆಮೀಯನನ್ನು ನೋಡಿ. ಹನನ್ಯನ ಮಾತು ಕೇಳಿ ಮೊದಲು ಅವನು ‘ಆಮೆನ್, ಯೆಹೋವನು ಹಾಗೆಯೇ ಮಾಡಲಿ’ ಎಂದ. ಒಳ್ಳೆಯ ಸುದ್ದಿ ನಿಜವಾಗಲಿ ಎಂಬ ಆಸೆ ಅವನಿಗೂ ಇತ್ತು. ಆಸೆಯನ್ನು ಪುರಾವೆಯೆಂದು ಮಾತ್ರ ಎಣಿಸಲಿಲ್ಲ.

ಆರನೆಯ ಹೆಜ್ಜೆ: ಹಣದ ಜಾಡು ಹಿಡಿಯಿರಿ

ಕಾಣಿಕೆ ಕೇಳುವುದೇ ತಪ್ಪಲ್ಲ. ಪೌಲನು ಯೆರೂಸಲೇಮಿನ ಬಡವರಿಗಾಗಿ ಊರೂರಿನಲ್ಲಿ ಹಣ ಕೂಡಿಸಿದನು. ಆದರೆ 2 ಕೊರಿಂಥ 8:20–21ರಲ್ಲಿ ಅವನ ಎಚ್ಚರ ನೋಡಿ: ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಸಭೆಗಳೇ ನೇಮಿಸಿದ ಮನುಷ್ಯರನ್ನು ಜೊತೆಗೆ ಕರೆದೊಯ್ದನು, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಎಂದನು. ನಾನು ದೇವರಿಗೆ ಮಾತ್ರ ಲೆಕ್ಕ ಕೊಡುತ್ತೇನೆ ಎನ್ನುವ ಬೋಧಕರು ಅಪೊಸ್ತಲನಿಗಿಂತ ದೊಡ್ಡವರಾಗಿರಬೇಕು.

ಆದಿಸಭೆಯವರು ಇನ್ನೂ ಖಡಕ್ಕಾಗಿದ್ದರು. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆಂದು ಎಣಿಸುವ ‘ಡಿಡಾಕೆ’ ಎಂಬ ಸಭಾನಿಯಮಗಳ ಪುಸ್ತಿಕೆಯಲ್ಲಿ ಸಂಚಾರಿ ಬೋಧಕರಿಗೆ ನಿಯಮವಿದೆ. ಒಂದು ದಿನ ಉಳಿಯಬಹುದು, ಅಗತ್ಯವಿದ್ದರೆ ಎರಡು. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ರೊಟ್ಟಿ ಕೊಡಿ, ಹಣ ಕೇಳಿದರೆ ಸುಳ್ಳು ಪ್ರವಾದಿ. ಆದರೆ ಇಲ್ಲದವರಿಗಾಗಿ ಕೇಳಿದರೆ ಅವನ ಮೇಲೆ ತೀರ್ಪು ಮಾಡಬೇಡಿ. ತನಗಾಗಿಯೋ ಬಡವರಿಗಾಗಿಯೋ ಎಂಬ ಆ ಒಂದು ಪ್ರಶ್ನೆ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ.

ಟಿವಿಯ ಹಣದ ಬೋಧನೆಗೆ ಒಂದು ಇತಿಹಾಸವಿದೆ. ಕಾಣಿಕೆಯನ್ನು ‘ಬೀಜ’ ಎಂದು ಕರೆದು, ಬಿತ್ತಿದರೆ ದೇವರು ಬೆಳೆ ಕೊಡಲೇಬೇಕು ಎಂಬ ಮಾತನ್ನು ಮನೆಮಾತಾಗಿಸಿದವರು ಅದೇ ಓರಲ್ ರಾಬರ್ಟ್ಸ್. 1987ರ ಜನವರಿಯಲ್ಲಿ ಅವರು, ಮಾರ್ಚ್‌ನೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತಮ್ಮನ್ನು ಕರೆದುಕೊಳ್ಳುತ್ತಾನೆ ಎಂದು ಘೋಷಿಸಿದರು. ಕೊನೆಗೆ 13 ಲಕ್ಷ ಡಾಲರ್ ಕೊಟ್ಟು ಅಂತರ ತುಂಬಿದವರು ಫ್ಲಾರಿಡಾದ ನಾಯಿ ರೇಸ್ ಮೈದಾನಗಳ ಮಾಲೀಕರೊಬ್ಬರು. ಅಲ್ಲಿನ ಇನ್ನೊಬ್ಬ ಟಿವಿ ಬೋಧಕ ಜಿಮ್ ಬೇಕರ್, ಸಾವಿರ ಡಾಲರ್ ಕೊಟ್ಟವರಿಗೆ ಪ್ರತಿವರ್ಷ ತಮ್ಮ ಹೋಟೆಲಿನಲ್ಲಿ ಮೂರು ರಾತ್ರಿ ಉಚಿತ ಎಂದು ಟಿವಿಯಲ್ಲಿ ಸಾರಿ, ಕೋಣೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನರಿಂದ ಹಣ ಪಡೆದರು. 1989ರಲ್ಲಿ ಅವರಿಗೆ 45 ವರ್ಷ ಶಿಕ್ಷೆಯಾಯಿತು. ಅದು ಮುಂದೆ ಇಳಿದು, 1994ರಲ್ಲಿ ಹೊರಬಂದರು. ಜೈಲಿನಲ್ಲಿ ಯೇಸುವಿನ ಮಾತುಗಳನ್ನು ಕ್ರಮವಾಗಿ ಓದಿದಾಗ ತಾನು ಬೋಧಿಸಿದ ಸಮೃದ್ಧಿಯ ಸುವಾರ್ತೆ ಅದಕ್ಕೆ ವಿರುದ್ಧವಾಗಿತ್ತು ಎಂದು 1996ರ ಆತ್ಮಕಥೆಯಲ್ಲಿ ಬರೆದರು. ಕ್ರೆಫ್ಲೊ ಡಾಲರ್ ಎಂಬ ಬೋಧಕರು 2015ರಲ್ಲಿ 6.5 ಕೋಟಿ ಡಾಲರಿನ ಜೆಟ್ ವಿಮಾನಕ್ಕಾಗಿ ಎರಡು ಲಕ್ಷ ಜನ ತಲಾ 300 ಡಾಲರ್ ಅಥವಾ ಹೆಚ್ಚು ಕೊಡಬೇಕೆಂದು ಕೇಳಿದರು.

ಅಮೆರಿಕದ ಸೆನೆಟರ್ ಚಕ್ ಗ್ರಾಸ್ಲಿ 2007ರಲ್ಲಿ ಇಂಥ ಆರು ದೊಡ್ಡ ಸೇವಾಸಂಸ್ಥೆಗಳಿಂದ ಲೆಕ್ಕಪತ್ರ ಕೇಳಿದರು. 2011ರಲ್ಲಿ ವಿಚಾರಣೆ ಯಾರಿಗೂ ದಂಡವಿಲ್ಲದೆ ಮುಗಿಯಿತು. ಆದರೆ ಪೂರ್ತಿ ಸಹಕರಿಸಿದವರು ಇಬ್ಬರೇ, ಜಾಯ್ಸ್ ಮೇಯರ್ ಮತ್ತು ಬೆನ್ನಿ ಹಿನ್ ಅವರ ಸಂಸ್ಥೆಗಳು. ಅಮೆರಿಕದಲ್ಲಿ ‘ಸಭೆ’ ಎಂದು ಮಾನ್ಯವಾದ ಸಂಸ್ಥೆ ಇತರ ದತ್ತಿ ಸಂಸ್ಥೆಗಳಂತೆ ವಾರ್ಷಿಕ ಆದಾಯದ ವಿವರವನ್ನು ಬಹಿರಂಗಪಡಿಸಬೇಕಾಗಿಲ್ಲ. ಡಬ್ ಆಗಿ ನಮ್ಮ ಮನೆಗೆ ಬರುವ ಕಾರ್ಯಕ್ರಮಗಳ ಹಿಂದೆ ಈ ಮುಚ್ಚಿದ ಬಾಗಿಲು ಇರಬಹುದು.

ನಮ್ಮಲ್ಲಿ ನೀವೇ ಮಾಡಬಹುದಾದ ಪರೀಕ್ಷೆ ಸರಳ. ಪರದೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಕಳುಹಿಸದೆ, ಮೊಬೈಲಿನಲ್ಲಿ ಮೂಡುವ ಖಾತೆಯ ಹೆಸರನ್ನು ಮಾತ್ರ ನೋಡಿ. ನೋಂದಾಯಿತ ಟ್ರಸ್ಟಿನ ಹೆಸರೋ, ಬೋಧಕರ ಸ್ವಂತ ಹೆಸರೋ, ಅವರ ಮಗನದೋ? ಕಚೇರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಟ್ರಸ್ಟಿಗಳು ಯಾರು, ಕಳೆದ ವರ್ಷದ ಲೆಕ್ಕಪರಿಶೋಧನೆಯ ವರದಿ ಸಿಗುತ್ತದೆಯೇ, ಕಾಣಿಕೆಗೆ ರಸೀದಿ ಕೊಡುತ್ತೀರಾ? ಟ್ರಸ್ಟಿಗಳೆಲ್ಲ ಒಂದೇ ಮನೆಯವರಾದರೆ ಬೋಧಕರಿಗೆ ‘ಬೇಡ’ ಎನ್ನುವವರು ಯಾರೂ ಇಲ್ಲ ಎಂದು ಅರ್ಥ.

ಕೇಳುವ ರೀತಿಯನ್ನೂ ಗಮನಿಸಿ. ‘ಈಗಲೇ’, ‘ಇಂದು ರಾತ್ರಿ 12ರೊಳಗೆ’, ‘ಸಾಲ ಮಾಡಿಯಾದರೂ’, ‘ಈ ಅಧ್ಯಾಯದ ಸಂಖ್ಯೆಯಷ್ಟೇ ರೂಪಾಯಿ’ ಇಂಥ ಮಾತು ಬಂದರೆ ರಿಮೋಟ್ ಎತ್ತಿಕೊಳ್ಳಿ. ವಿಧವೆಯ ಎರಡು ಕಾಸಿನ ಕಥೆ ಹೇಳಿ ವಿಧವೆಯರಿಂದ ಹಣ ಕೇಳುವವರಿಗೆ, ಅದರ ಹಿಂದಿನ ಸಾಲಿನಲ್ಲೇ ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದು ನೆನಪಿರುವುದಿಲ್ಲ. ನಾಮಾನನು ವಾಸಿಯಾದಾಗ ಎಲೀಷನು ಕಾಣಿಕೆ ಮುಟ್ಟಲಿಲ್ಲ. ಹಿಂದೆ ಓಡಿಹೋಗಿ ಬೆಳ್ಳಿ, ಬಟ್ಟೆ ಇಸಿದುಕೊಂಡವನು ಸೇವಕ ಗೇಹಜಿ.

ಏಳನೆಯ ಹೆಜ್ಜೆ: ಒಂದು ಪ್ರಶ್ನೆ ಕೇಳಿ ನೋಡಿ

ಕಾರ್ಯಕ್ರಮದ ವಿಳಾಸಕ್ಕೆ ವಿನಯದಿಂದ ಪತ್ರವನ್ನೋ ಸಂದೇಶವನ್ನೋ ಕಳುಹಿಸಿ: ನೀವು ಹೇಳಿದ ಈ ವಾಕ್ಯದ ಮುಂದಿನ ಸಾಲು ಹೀಗಿದೆಯಲ್ಲ, ವಿವರಿಸುತ್ತೀರಾ? ಒಳ್ಳೆಯ ಬೋಧಕರಿಗೆ ಇದು ಸಂತೋಷದ ವಿಷಯ. ಬೆರೋಯದವರು ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರ ತೆರೆದು ನೋಡುತ್ತಿದ್ದರು, ಅದಕ್ಕಾಗಿಯೇ ಅವರನ್ನು ಸದ್ಗುಣವುಳ್ಳವರು ಎಂದು ಬರೆಯಲಾಗಿದೆ.

ಬರುವ ಉತ್ತರ ‘ಅಭಿಷಿಕ್ತನನ್ನು ಮುಟ್ಟಬೇಡ’ ಎಂದಾದರೆ ಕೀರ್ತನೆ 105 ತೆರೆಯಿರಿ. ಅಲ್ಲಿನ ಅಭಿಷಿಕ್ತರು ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರು. ಅವರಿಗೆ ಕೇಡು ಮಾಡಬೇಡಿ ಎಂದು ಅರಸರಿಗೆ ಹೇಳಿದ ಮಾತು ಅದು. ಪ್ರಶ್ನೆ ಕೇಳಬೇಡಿ ಎಂದು ಕುರಿಗಳಿಗೆ ಹೇಳಿದ್ದಲ್ಲ. ದಾವೀದನು ಸೌಲನ ಮೇಲೆ ಕೈಯೆತ್ತಲಿಲ್ಲ, ನಿಜ. ಆದರೆ ಗುಹೆಯಿಂದ ಹೊರಬಂದು ಅವನ ಸೈನ್ಯದ ಎದುರಿಗೇ ಅವನ ತಪ್ಪನ್ನು ಕೂಗಿ ಹೇಳಿದನು. ಪೌಲನು ಪೇತ್ರನನ್ನು ಎಲ್ಲರ ಮುಂದೆ ಮುಖಾಮುಖಿಯಾಗಿ ಎದುರಿಸಿದನು.

ತಿದ್ದಿಕೊಂಡವರಿಗೆ ಜಾಗವಿರಲಿ. ಬೆನ್ನಿ ಹಿನ್ 2019ರಲ್ಲಿ, ಸಾವಿರ ಡಾಲರ್ ಬೀಜ ಬಿತ್ತಿ ಎನ್ನುವುದು ಕರ್ತನಿಗೆ ಅಪರಾಧ, ಇನ್ನು ಹಾಗೆ ಕೇಳುವುದಿಲ್ಲ ಎಂದರು. ಕ್ರೆಫ್ಲೊ ಡಾಲರ್ 2022ರಲ್ಲಿ, ದಶಮಾಂಶದ ಬಗ್ಗೆ ತಾನು ಕಲಿಸಿದ್ದು ಸರಿಯಲ್ಲ, ಆ ಪುಸ್ತಕಗಳನ್ನು ಎಸೆಯಿರಿ ಎಂದರು. ಇಂಥ ಮಾತು ಕೇಳಿದಾಗ ಚಪ್ಪಾಳೆಗೂ ಬೈಗುಳಕ್ಕೂ ಆತುರಪಡದೆ, ಮುಂದಿನ ಒಂದು ವರ್ಷ ಪರದೆಯ ಮೇಲಿನ ಕಾಣಿಕೆಯ ಭಾಗ ಬದಲಾಯಿತೇ ಎಂದು ನೋಡಬೇಕು. ಜಕ್ಕಾಯನು ಪಶ್ಚಾತ್ತಾಪಪಟ್ಟಾಗ ಹಣವೂ ಹಿಂದಿರುಗಿತು, ನಾಲ್ಕರಷ್ಟು.

ಎಂಟನೆಯ ಹೆಜ್ಜೆ: ಮನೆಯವರಿಗೆ ಹೇಳುವುದು

ಕಷ್ಟದ ಹೆಜ್ಜೆ ಇದೇ. ಅಮ್ಮನೋ ಅತ್ತೆಯೋ ದಿನವೂ ನೋಡುವ ಬೋಧಕರನ್ನು ಮೋಸಗಾರ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ, ಕಾಣಿಕೆ ಗುಟ್ಟಾಗಿ ಹೋಗತೊಡಗುತ್ತದೆ. ಅವರ ಪಕ್ಕದಲ್ಲಿ ಕುಳಿತು ಒಂದು ಪ್ರಸಂಗ ಪೂರ್ತಿ ನೋಡಿ. ಮುಗಿದ ಮೇಲೆ, ಆ ಅಧ್ಯಾಯ ಒಮ್ಮೆ ಓದೋಣವೇ ಎಂದು ಅವರದೇ ಸತ್ಯವೇದ ತೆಗೆಸಿ. ನೀವು ತೀರ್ಪು ಹೇಳಬೇಡಿ. ಎಪ್ಪತ್ತು ವರ್ಷದ ಸಾಲನ್ನು ಅವರೇ ಗಟ್ಟಿಯಾಗಿ ಓದಲಿ. ಅವರು ಟಿವಿಯ ಕಡೆ ಹೋದದ್ದು ಬಹುಶಃ ಒಂಟಿತನದಿಂದ, ಮೊಣಕಾಲು ನೋವಿನಿಂದ, ಭಾನುವಾರ ಸಭೆಗೆ ಕರೆದೊಯ್ಯುವವರಿಲ್ಲದೆ. ಅದಕ್ಕೆ ಔಷಧ ವಾದವಲ್ಲ, ಭಾನುವಾರ ಬೆಳಗ್ಗೆ ಒಂದು ಆಟೋ. ಸಭಾಪಾಲಕರಿಗೂ ತಿಳಿಸಿ, ಮನೆಗೆ ಬಂದು ಪ್ರಾರ್ಥಿಸಲಿ. ಹಾಸಿಗೆಯ ಪಕ್ಕಕ್ಕೆ ಬಂದು ಕೈಹಿಡಿಯುವುದು ಟಿವಿ ಬೋಧಕರಿಂದ ಆಗದ ಕೆಲಸ.

ಹಣ ಈಗಾಗಲೇ ಹೋಗುತ್ತಿದ್ದರೆ, ಅವರ ಒಪ್ಪಿಗೆ ಪಡೆದು ಯುಪಿಐ ಆ್ಯಪ್‌ನಲ್ಲಿ ಆಟೋಪೇ ವಿಭಾಗ ತೆರೆದು ‘ಮಾಸಿಕ ಪಾಲುದಾರ’ ಹೆಸರಿನಲ್ಲಿ ಏನಾದರೂ ಕಡಿತವಾಗುತ್ತಿದೆಯೇ ನೋಡಿ, ಬೇಡವೆಂದರೆ ಅಲ್ಲೇ ರದ್ದು ಮಾಡಬಹುದು. ಬ್ಯಾಂಕ್ ಖಾತೆಯಿಂದ ನೇರ ಕಡಿತಕ್ಕೆ ಸಹಿ ಹಾಕಿದ್ದರೆ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಬೇಕು. ಹೆಸರಾಂತ ಬೋಧಕರ ಫೋಟೊ ಹಾಕಿಕೊಂಡು ಬೇರೆ ಯಾರೋ ಹಣ ಕೇಳುವ ನಕಲಿ ಖಾತೆಗಳೂ ಬೇಕಾದಷ್ಟಿವೆ. ಅಂಥದಕ್ಕೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು.